ಔಷಧಕ್ಕೆ ದಾರಿ ಬಿಡಿಸುವ ಧ್ವನಿ

ಚಿಕ್ಕೋಡಿ, ರಾಯಬಾಗ, ಅಥಣಿಯಂಥ ಊರುಗಳಲ್ಲಿ ಜನ ‘ಸ್ಕ್ಯಾನಿಂಗ್’ ಎನ್ನುವ ಪರೀಕ್ಷೆಯು ಕಿವಿಗೆ ಕೇಳಿಸದ ಧ್ವನಿಯಿಂದ ನಡೆಯುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000ದವರೆಗಿನ ಕಂಪನಗಳನ್ನಷ್ಟೇ ಗ್ರಹಿಸುವುದರಿಂದ, ಅದನ್ನು ಮೀರಿದ್ದಕ್ಕೆ ಶ್ರವಣಾತೀತ ಧ್ವನಿ ಎಂದು ಹೆಸರು. ಒಳಗಿನ ಅಂಗಗಳಿಗೆ ಬಡಿದು ಮರಳುವ ಪ್ರತಿಧ್ವನಿಯನ್ನು ಚಿತ್ರವಾಗಿ ತೋರಿಸುವುದು ಈ ಧ್ವನಿಯ ಪರಿಚಿತ ಕೆಲಸವಾದರೆ, ಔಷಧ ಸುಲಭವಾಗಿ ಹೊಗದ ಅಂಗಾಂಶದೊಳಗೆ ಅದಕ್ಕೆ ದಾರಿ ಬಿಡಿಸುವುದು ಸಂಶೋಧಕರು ಈಗ ಅದರಿಂದ ಮಾಡಿಸಲು ಹೊರಟಿರುವ ಎರಡನೆಯ ಕೆಲಸ.

ತಂಬಾಕಿನ ಪೇಟೆಯೆಂದು ಹೆಸರಾದ ನಿಪ್ಪಾಣಿಯ ಸೀಮೆಯಲ್ಲಿ ಇದರ ಅಗತ್ಯವನ್ನು ವಿವರಿಸುವುದು ಕಷ್ಟವಲ್ಲ. ಬಾಯಿ, ಗಂಟಲು, ಶ್ವಾಸಕೋಶಗಳಿಗೆ ಮಾತ್ರವಲ್ಲದೆ, ಜಠರದ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಗೂ ಕ್ಯಾನ್ಸರ್ ತಗಲುವ ಅಪಾಯವನ್ನು ಧೂಮಪಾನ ಹೆಚ್ಚಿಸುತ್ತದೆ. ಈ ಗ್ರಂಥಿಯ ಗಡ್ಡೆಯೊಳಗೆ ನಾರಿನಂಥ ಅಂಗಾಂಶ ಒತ್ತೊತ್ತಾಗಿ ಬೆಳೆದು ರಕ್ತನಾಳಗಳನ್ನು ಹಿಸುಕುವುದರಿಂದ, ಗಟ್ಟಿ ನೆಲಕ್ಕೆ ಬಿಟ್ಟ ನೀರು ಇಂಗದೆ ಹರಿದುಹೋಗುವಂತೆ, ರಕ್ತಕ್ಕೆ ಸೇರಿಸಿದ ಔಷಧದ ಬಹುಪಾಲು ಗಡ್ಡೆಯನ್ನು ಮುಟ್ಟದೆ ದೇಹದ ಬೇರೆಡೆಗೆ ಹೋಗಿ ಅಲ್ಲಿ ಅಡ್ಡಪರಿಣಾಮ ಉಂಟುಮಾಡುತ್ತದೆ.

ದೇಹದ ಮೃದು ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಆದ್ದರಿಂದ ಸೆಕೆಂಡಿಗೆ 10 ಲಕ್ಷ ಬಾರಿ ಕಂಪಿಸುವ ಧ್ವನಿಯ ಅಲೆಯ ಉದ್ದ ಒಂದೂವರೆ ಮಿಲಿಮೀಟರಿನಷ್ಟಿದ್ದು, ಅಂಥ ಅಲೆಗಳನ್ನು ಹಲವು ದಿಕ್ಕುಗಳಿಂದ ಕೆಲವೇ ಮಿಲಿಮೀಟರಿನ ಒಂದು ತಾಣದಲ್ಲಿ, ಅಂದರೆ ನಾಭಿಯಲ್ಲಿ, ಕೂಡಿಸಬಹುದು. ಇದೇ ವೇಳೆಗೆ ಕೆಂಪು ರಕ್ತಕಣಕ್ಕಿಂತ ದೊಡ್ಡದಲ್ಲದ, ತೆಳುಪೊರೆಯ ಅನಿಲಗುಳ್ಳೆಗಳನ್ನು ರಕ್ತಕ್ಕೆ ಸೇರಿಸಿದರೆ, ಅವು ಅಲೆಯ ಒತ್ತಡ ಏರಿದಾಗ ಕುಗ್ಗಿ ಇಳಿದಾಗ ಹಿಗ್ಗುತ್ತ ರಕ್ತನಾಳದ ಗೋಡೆಯನ್ನು ತೀಡುವುದರಿಂದ, ಗೋಡೆಯ ಜೀವಕೋಶಗಳ ನಡುವಣ ಬಿಗಿ ತಾತ್ಕಾಲಿಕವಾಗಿ ಸಡಿಲಗೊಂಡು ಔಷಧ ಹೊರಗೆ ಜಿನುಗುತ್ತದೆ.

ನಾರ್ವೆಯ ಬರ್ಗನ್ ನಗರದ ವೈದ್ಯರು 2016ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಗಮನಾರ್ಹ. ಅವರು ಸಾಮಾನ್ಯ ಸ್ಕ್ಯಾನಿಂಗ್ ಯಂತ್ರವನ್ನೇ ಹೊಂದಿಸಿಕೊಂಡು, ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ 10 ರೋಗಿಗಳಿಗೆ ಜೆಮ್‌ಸಿಟಾಬಿನ್ ಎಂಬ ಔಷಧದೊಡನೆ ಗುಳ್ಳೆ ಮತ್ತು ಧ್ವನಿಯ ಚಿಕಿತ್ಸೆ ನೀಡಿದಾಗ, ಬದುಕಿನ ಮಧ್ಯಕ ಅವಧಿ, ಅಂದರೆ ಅರ್ಧದಷ್ಟು ರೋಗಿಗಳು ದಾಟಿದ ಅವಧಿ, 17.6 ತಿಂಗಳಾಗಿತ್ತು, ಹಿಂದೆ ಔಷಧವನ್ನಷ್ಟೇ ಪಡೆದವರಲ್ಲಿ ಅದು 8.9 ತಿಂಗಳಿತ್ತು. ಆಕ್ಸ್‌ಫರ್ಡ್‌ನಲ್ಲಿ 2018ರಲ್ಲಿ ವರದಿಯಾದ ಮತ್ತೊಂದು ವಿಧಾನದಲ್ಲಿ, ಶಾಖಕ್ಕೆ ಬಿಚ್ಚಿಕೊಳ್ಳುವ ಕೊಬ್ಬಿನ ಸೂಕ್ಷ್ಮ ಕೋಶದೊಳಗೆ ಔಷಧವಿಟ್ಟು, ಯಕೃತ್ತಿನ ಗಡ್ಡೆಯನ್ನು ಧ್ವನಿಯಿಂದ ಹದವಾಗಿ ಬಿಸಿಮಾಡಿದಾಗ, ಗಡ್ಡೆಯಲ್ಲಿನ ಔಷಧದ ಪ್ರಮಾಣ ಸರಾಸರಿ 3.7 ಪಟ್ಟು ಹೆಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗೋಪಾಲನ್ ಜಗದೀಶ್ ಮತ್ತು ದೀಪಶಿಖಾ ಚಕ್ರವರ್ತಿ ಅವರ ತಂಡವು ಇದರ ಹತ್ತಿರದ ಬಂಧುವಾದ ಆಘಾತ ತರಂಗವನ್ನು ಬಳಸಿ, ಸೂಜಿಯಿಲ್ಲದೆ ಇಲಿಗಳ ಚರ್ಮದೊಳಕ್ಕೆ ಲಸಿಕೆ ಸೇರಿಸಿದ ಪ್ರಯೋಗವನ್ನು 2011ರಲ್ಲಿ ಪ್ರಕಟಿಸಿತು.

ಧ್ವನಿಯ ಬಲ ಮಿತಿಮೀರಿದರೆ ಗುಳ್ಳೆಗಳು ರಭಸದಿಂದ ಒಡೆದು ನಾಳಗಳಿಗೆ ಗಾಯವಾಗಿ ರಕ್ತ ಸೋರಬಹುದಾದ್ದರಿಂದ, ಔಷಧಕ್ಕಿರುವಂತೆ ಧ್ವನಿಗೂ ಪ್ರಮಾಣ ನಿಗದಿಯಾಗಬೇಕು. ಹತ್ತೇ ರೋಗಿಗಳನ್ನು ಹಳೆಯ ದಾಖಲೆಗಳೊಡನೆ ಹೋಲಿಸಿದ ಬರ್ಗನ್ನಿನ ಫಲಿತಾಂಶ ಭರವಸೆಯೇ ಹೊರತು ತೀರ್ಮಾನವಲ್ಲ. ದೊಡ್ಡ ಪ್ರಯೋಗಗಳಲ್ಲಿ ಅದು ನಿಲ್ಲುವವರೆಗೆ, ಕಾಗವಾಡದ ರೋಗಿ ಗಡಿ ದಾಟಿ ಮಿರಜಕ್ಕೆ ಹೋದರೂ ಬೆಳಗಾವಿಗೆ ಬಂದರೂ, ಸ್ಕ್ಯಾನಿಂಗ್ ಯಂತ್ರದ ಕೆಲಸ ಗಡ್ಡೆಯನ್ನು ತೋರಿಸುವಲ್ಲಿಗೇ ನಿಲ್ಲುತ್ತದೆ.