ಎರಡು ಭಾಷೆಗಳ ನಡುವಣ ದುಭಾಷಿ

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ಗೆರೆಯಿಂದ ಜೋಡಿಸಿ ಗಣಕಯಂತ್ರದ ತೆರೆಯ ಮೇಲೆ ನಕಾಶೆಯೊಂದನ್ನು ಬರೆಯಬೇಕಾಗಿದೆಯೆಂದು ಭಾವಿಸೋಣ. ಅಕ್ಷಾಂಶ ರೇಖಾಂಶಗಳಿಂದ ತೆರೆಯ ಮೇಲಿನ ಬಿಂದುವನ್ನು ಗೊತ್ತುಮಾಡುವುದು ಶುದ್ಧ ಗಣಿತ. ಇದಕ್ಕೆ ಫಲನಪ್ರಧಾನ ಭಾಷೆಗಳು ಬಹು ಚೆನ್ನಾಗಿ ಒಪ್ಪುವುವು. ಹ್ಯಾಸ್ಕೆಲ್ ಕರ್ರಿ ಎಂಬ ತರ್ಕಶಾಸ್ತ್ರಜ್ಞರ ಹೆಸರನ್ನು ಹೊತ್ತು 1990ರಲ್ಲಿ ಹೊರಬಂದ ‘ಹ್ಯಾಸ್ಕೆಲ್’ ಅಂಥದೊಂದು ಭಾಷೆ. ಅದರಲ್ಲಿ ಫಲನವೆಂದರೆ ನಮ್ಮ ಗಣಿತಪುಸ್ತಕದ ಫಲನವೇ ಸರಿ: ಕೊಟ್ಟ ಬೆಲೆ ಒಂದೇ ಆದರೆ ಬರುವ ಬೆಲೆಯೂ ಒಂದೇ.

ಆದರೆ ಗೆರೆ ಎಳೆಯುವ ಸಿದ್ಧ ವಿಧಿಗಳ ಭಂಡಾರಗಳು ಬಹುಪಾಲು ಸಿ ಭಾಷೆಯಲ್ಲಿವೆ. ‘ಕೈರೋ’ ಎಂಬುದು ಅವುಗಳಲ್ಲೊಂದು. ‘ಬೈಲಹೊಂಗಲದವರೆಗೆ ಗೆರೆ ಎಳೆ’ ಎಂದು ಕೈರೋವಿಗೆ ಆಜ್ಞಾಪಿಸಿದರೆ ಅದು ಎಲ್ಲಿಂದ ಎಳೆಯುವುದು? ಲೇಖನಿ ಆಗ ಎಲ್ಲಿ ನಿಂತಿದೆಯೋ ಅಲ್ಲಿಂದ. ಕಿತ್ತೂರಿನಲ್ಲಿದ್ದರೆ ಒಂದು ಗೆರೆ, ರಾಮದುರ್ಗದಲ್ಲಿದ್ದರೆ ಮತ್ತೊಂದು. ಆಜ್ಞೆ ಒಂದೇ, ಫಲ ಎರಡು!

ಈ ಎರಡು ಸ್ವಭಾವಗಳ ನಡುವೆ ದುಭಾಷಿಯಂತೆ ನಿಲ್ಲುವ ಕಿರು ಕ್ರಮವಿಧಿಗೆ ‘ಹೊದಿಕೆ’ ಎನ್ನೋಣ. ಸಿ ಭಾಷೆಯ ಯಾವ ವಿಧಿಗೆ ಯಾವ ಬಗೆಯ ಸಂಖ್ಯೆಗಳು ಬೇಕು, ಅದು ಬರಿಯ ಫಲನವೋ ತೆರೆಯನ್ನು ಬದಲಿಸುವ ಕ್ರಿಯೆಯೋ ಎಂಬುದನ್ನು ಹೊದಿಕೆಯಲ್ಲಿ ಘೋಷಿಸಬೇಕು. ಹ್ಯಾಸ್ಕೆಲ್ಲಿನ ಕಂಪೈಲರು ತನ್ನ ಭಾಷೆಯೊಳಗಿನ ತಪ್ಪುಗಳನ್ನು ಕಟ್ಟುನಿಟ್ಟಾಗಿ ಹಿಡಿಯುವುದಾದರೂ ಗಡಿಯಾಚೆಗೆ ಸಂಬಂಧಿಸಿದ ಈ ಘೋಷಣೆಯನ್ನು ಸಾಮಾನ್ಯವಾಗಿ ಹಾಗೆಯೇ ನಂಬಿಬಿಡುತ್ತದೆ. ಅಪಾಯವಿರುವುದು ಇಲ್ಲಿಯೇ.

ಕೈರೋ ಬಯಸುವುದು ದಶಮಾಂಶ ಸಂಖ್ಯೆಗಳನ್ನು. ಹೊದಿಕೆಯಲ್ಲಿ ‘ಪೂರ್ಣಾಂಕ’ ಎಂದು ಬರೆದರೇನಾಗುವುದು? ಇಂದು ಬಳಕೆಯಲ್ಲಿರುವ 64 ಬಿಟ್ಟಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಇವೆರಡೂ ಬೇರೆ ಬೇರೆ ರಿಜಿಸ್ಟರುಗಳ ಮೂಲಕ ಸಾಗುವುವು. ಹ್ಯಾಸ್ಕೆಲ್ ಒಂದು ಗೂಡಿನಲ್ಲಿಟ್ಟುದನ್ನು ಸಿ ಇನ್ನೊಂದು ಗೂಡಿನಲ್ಲಿ ಹುಡುಕಿ, ಹಿಂದಿನ ಯಾವುದೋ ಲೆಕ್ಕದ ಉಳಿಕೆಯನ್ನೇ ಸವದತ್ತಿಯೆಂದು ಓದುವುದು. ಗೆರೆ ಎತ್ತಲೋ ಓಡುವುದು. ಎಚ್ಚರಿಕೆ ಮಾತ್ರ ಬಾರದು. ಇದಕ್ಕಿಂತಲೂ ಕೆಟ್ಟುದು, ಗೆರೆ ಎಳೆಯುವುದನ್ನು ಶುದ್ಧ ಫಲನವೆಂದು ಸಾರುವುದು. ಒಂದೇ ಪ್ರಶ್ನೆಗೆ ಉತ್ತರವೂ ಒಂದೇ ತಾನೇ ಎಂದು ಕಂಪೈಲರು ಎರಡು ಸಲ ಎಳೆಯಬೇಕಾದುದನ್ನು ಒಮ್ಮೆ ಮಾತ್ರ ಎಳೆಯಬಹುದು, ಅಥವಾ ಎಳೆಯದೆಯೇ ಬಿಡಬಹುದು.

ಚಿತ್ರದ ಹಾಳೆಯ ಪ್ರಶ್ನೆಯೂ ಉಂಟು. ಹ್ಯಾಸ್ಕೆಲ್ ಬಳಕೆ ತೀರಿದ ಸ್ಮೃತಿಯನ್ನು ತಾನೇ ಗುಡಿಸುವುದು. ಸಿ ಭಾಷೆಯಲ್ಲಿ ಪಡೆದವನೇ ಮರಳಿಸಬೇಕು. ಈ ಏರ್ಪಾಡೂ ಹೊದಿಕೆಯ ಹೊಣೆ.

ಇನ್ನು ಊರುಗಳ ಹೆಸರು. ‘ಕಿತ್ತೂರು’ ಎಂಬುದು ಯೂನಿಕೋಡಿನಲ್ಲಿ 8 ಸಂಕೇತಗಳು, ಯುಟಿಎಫ್-8 ಕ್ರಮದಲ್ಲಿ 24 ಬೈಟುಗಳು. ಕೊನೆಗೊಂದು ಸೊನ್ನೆ ಸೇರಿಸಿ 25 ಬೈಟುಗಳನ್ನು ಒಪ್ಪಿಸಬೇಕು. ಎಂಟೇ ಬೈಟು ಸಾಕೆಂದವನು ಮೂರನೆಯ ಸಂಕೇತದ ನಡುವೆಯೇ ಹೆಸರನ್ನು ಕತ್ತರಿಸಿದಂತೆ. ಸರಿಯಾಗಿ ಒಪ್ಪಿಸಿದರೂ ಕೈರೋವಿನ ಸರಳ ಬರೆಹವಿಧಿಗೆ ತಕಾರದ ಒತ್ತನ್ನು ಅದರ ಸ್ಥಾನದಲ್ಲಿ ಕೂರಿಸಲು ಬಾರದು. ಆ ಕೆಲಸಕ್ಕೆ ‘ಪ್ಯಾಂಗೋ’ ಎಂಬ ಬೇರೊಂದು ಭಂಡಾರವುಂಟು. ಅದೂ ಸಿ ಭಾಷೆಯದೇ, ಅದಕ್ಕೂ ಹೊದಿಕೆ ಹೊಲಿಯಬೇಕು.