ಕುಂಡದ ತಳಕ್ಕೆ ಪೈನ್ ಕೋನ್ ಹಾಕಿದರೆ ತೂತು ಬೇಡವೇ? ಇಲ್ಲಿದೆ ಅಸಲಿ ವಿಷಯ

‘ಕುಂಡದ ತಳಕ್ಕೆ ನಾಲ್ಕು ಪೈನ್ ಕೋನ್ ಹಾಕಿ. ತೂತು ಕೊರೆಯುವ ತಾಪತ್ರಯವಿಲ್ಲ, ಬೇರು ಕೊಳೆಯುವುದಿಲ್ಲ, ನೀರೂ ಉಳಿಯುತ್ತದೆ.’ ಈ ಧಾಟಿಯ ವಿಡಿಯೊಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಲೇ ಇರುತ್ತವೆ. ನೋಡಲು ಚೆಂದ, ಕೇಳಲು ಸುಲಭ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ಬಿಸಿಲು ನಾಡಿನಲ್ಲಿ ಮನೆ ಮುಂದೆ ನಾಲ್ಕು ಕುಂಡ ಇಟ್ಟುಕೊಂಡವರು ಇದನ್ನು ನಂಬಬಹುದೇ? ಒಂದೊಂದಾಗಿ ನೋಡೋಣ.

ಪೈನ್ ಕೋನ್ ಎಂದರೇನು?

ಇದು ಪೈನ್ ಮರದ ಬೀಜಗಳನ್ನು ಹೊತ್ತ ಒಣ ಕಾಯಿ. ಮೈತುಂಬ ಮರದ ಹೆಂಚು ಹೊದಿಸಿದಂತೆ ಕಾಣುತ್ತದೆ. ಉತ್ತರಾಖಂಡ, ಹಿಮಾಚಲ ಪ್ರದೇಶದ ಬೆಟ್ಟಗಳಲ್ಲಿ ಚೀರ್ ಪೈನ್ ಕಾಡುಗಳಿವೆ. ಅಲ್ಲಿನ ಜನರಿಗೆ ಇದು ನೆಲದ ಮೇಲೆ ಪುಕ್ಕಟೆ ಸಿಗುವ ವಸ್ತು. ನಮ್ಮ ವಿಜಯನಗರ ಜಿಲ್ಲೆಯ ಕುರುಚಲು ಕಾಡಿನಲ್ಲಿ ಇದು ಬೆಳೆಯುವುದಿಲ್ಲ. ಬೇಕೆಂದರೆ ದುಡ್ಡು ಕೊಟ್ಟು ತರಿಸಬೇಕು.

ಕೆಲವರು ಗಾಳಿ ಮರದ ಸಣ್ಣ ಮುಳ್ಳುಗಾಯಿಯನ್ನೇ ಪೈನ್ ಕೋನ್ ಎಂದುಕೊಳ್ಳುತ್ತಾರೆ. ಗಾಳಿ ಮರ (ಸರ್ವೆ) ನೋಡಲು ಪೈನ್‌ನಂತಿದ್ದರೂ ಪೈನ್ ಜಾತಿಯದಲ್ಲ. ಅದು ಹೂ ಬಿಡುವ ಮರಗಳ ಗುಂಪಿಗೆ ಸೇರಿದ್ದು.

ಮಾತು 1: ‘ತೂತು ಬೇಕಿಲ್ಲ’. ಇದು ಸುಳ್ಳು

ಫಾರ್ವರ್ಡ್‌ನಲ್ಲಿ ಹೆಚ್ಚು ಹಾನಿ ಮಾಡುವ ಮಾತು ಇದೇ. ತೂತಿಲ್ಲದ ಕುಂಡದಲ್ಲಿ ಹೆಚ್ಚಾದ ನೀರಿಗೆ ಹೊರಹೋಗಲು ದಾರಿಯೇ ಇರುವುದಿಲ್ಲ. ಪೈನ್ ಕೋನ್‌ಗಳ ಸಂದಿನಲ್ಲಿ ಅದು ನಿಲ್ಲುತ್ತದೆ, ಅಷ್ಟೇ. ಮೇಲಿಂದ ಕಾಣುವುದಿಲ್ಲವಾದ್ದರಿಂದ ನಾವು ಇನ್ನಷ್ಟು ನೀರು ಹಾಕುತ್ತೇವೆ. ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿದರೆ ಬೇರು ಕೊಳೆಯುತ್ತದೆ. ಎಲೆ ಬಾಡಿದ್ದನ್ನು ಕಂಡು ‘ನೀರು ಸಾಲದು’ ಎಂದು ಮತ್ತೊಂದು ತಂಬಿಗೆ ಸುರಿದರೆ ಗಿಡದ ಕಥೆ ಮುಗಿದಂತೆ.

ನಿಂತ ನೀರಿಗೆ ಇನ್ನೊಂದು ಅಪಾಯವೂ ಇದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕುಂಡದ ಕೆಳಗಿನ ತಟ್ಟೆಯಲ್ಲಿರುವ ಸ್ವಲ್ಪ ನೀರೂ ಸಾಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಹಿಡಿಯುತ್ತದೆ. ನೀರು ಆರಿದರೂ ತಟ್ಟೆಯ ಅಂಚಿಗೆ ಅಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಆದ್ದರಿಂದ ವಾರಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಿ, ಅಂಚನ್ನು ಉಜ್ಜಿ ತೊಳೆಯಬೇಕು.

ಮಾತು 2: ‘ತಳದಲ್ಲಿದ್ದರೆ ನೀರು ಚೆನ್ನಾಗಿ ಬಸಿಯುತ್ತದೆ’. ಇದನ್ನು ನೆಚ್ಚಿಕೊಳ್ಳುವಂತಿಲ್ಲ

ತೂತು ಇರುವ ಕುಂಡಕ್ಕೂ ತಳದಲ್ಲಿ ಕಲ್ಲು, ಹೆಂಚಿನ ಚೂರು, ಪೈನ್ ಕೋನ್ ಹಾಕುವುದು ರೂಢಿ. ಇದರ ಗುಟ್ಟು ತಿಳಿಯಲು ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ, ಹಿಂಡದೆ ಮಲಗಿಸಿ ಹಿಡಿಯಿರಿ. ನೀರು ತೊಟ್ಟಿಕ್ಕುವುದು ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಇಳಿಯುತ್ತದೆ!

ಕುಂಡದ ಮಣ್ಣೂ ಹೀಗೆಯೇ. ಅದರ ಸಣ್ಣ ಸಂದುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಡಿಯಲ್ಲಿ ದೊಡ್ಡ ಸಂದುಗಳಿದ್ದರೂ ನೀರು ತಕ್ಷಣ ಅಲ್ಲಿಗೆ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದ ಮೇಲೆಯೇ ಇಳಿಯುತ್ತದೆ. ಹಾಗಾಗಿ ಮಣ್ಣಿನ ಅಡಿಭಾಗದಲ್ಲಿ ಯಾವಾಗಲೂ ಒಂದು ಒದ್ದೆ ಪಟ್ಟಿ ಉಳಿಯುತ್ತದೆ. ತಳಕ್ಕೆ ಪೈನ್ ಕೋನ್ ತುಂಬಿದರೆ ಆ ಪಟ್ಟಿ ಮೇಲಕ್ಕೆ, ಅಂದರೆ ಬೇರಿನ ಹತ್ತಿರಕ್ಕೆ ಬರುತ್ತದೆ. ಬೇರಿಗೆ ಸಿಗುವ ಮಣ್ಣೂ ಕಡಿಮೆಯಾಗುತ್ತದೆ. ಮಣ್ಣಿನ ಮಿಶ್ರಣಕ್ಕೆ ತಕ್ಕಂತೆ ಫಲಿತಾಂಶ ಸ್ವಲ್ಪ ಅತ್ತಿತ್ತ ಆಗಬಹುದು. ಆದರೆ ಕೆಟ್ಟ ಮಣ್ಣನ್ನು ತಳದ ಪದರ ಸರಿಮಾಡುವುದಿಲ್ಲ. ನೀರು ಬಸಿಯಬೇಕೆಂದರೆ ತೂತಿರಬೇಕು, ಇಡೀ ಮಣ್ಣೇ ಸಡಿಲವಾಗಿರಬೇಕು. ಎರೆಮಣ್ಣನ್ನು ಹಾಗೇ ತುಂಬಬೇಡಿ. ಕೆಂಪು ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ.

ಒಂದು ಉಪಯೋಗ ಉಂಟು. ತುಂಬಾ ದೊಡ್ಡ ಡ್ರಮ್ಮಿನಲ್ಲಿ ಸಣ್ಣ ಬೇರಿನ ಗಿಡ ಹಾಕುವುದಾದರೆ ತಳಕ್ಕೆ ಇಂಥದ್ದೇನಾದರೂ ತುಂಬಿ ಮಣ್ಣು ಉಳಿಸಬಹುದು. ಮಾಳಿಗೆ ಮೇಲಿನ ಭಾರವೂ ಕಡಿಮೆಯಾಗುತ್ತದೆ.

ಮಾತು 3: ‘ಕುಂಡದಲ್ಲಿ ನೀರು ಉಳಿಯುತ್ತದೆ’. ಮೇಲೆ ಹಾಸಿದರೆ ಮಾತ್ರ ನಿಜ

ಮಣ್ಣಿನ ಮೇಲೆ ಹೊದಿಕೆ ಇದ್ದರೆ ಬಿಸಿಲು, ಗಾಳಿ ನೇರವಾಗಿ ತಾಗುವುದಿಲ್ಲ. ತೇವ ನಿಧಾನವಾಗಿ ಆರುತ್ತದೆ. ಕಳೆಯೂ ಕಡಿಮೆ. ನಲ್ಲಿ ನೀರು ದಿನವೂ ಬಾರದ ಓಣಿಗಳಲ್ಲಿ ಉಳಿದ ಒಂದೊಂದು ತಂಬಿಗೆಗೂ ಬೆಲೆಯಿದೆ. ಆದರೆ ಈ ಕೆಲಸಕ್ಕೆ ಪೈನ್ ಕೋನ್ ಏಕೆ? ನಮ್ಮಲ್ಲೇ ಶೇಂಗಾ ಸಿಪ್ಪೆ ಇದೆ, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಇದೆ, ತೆಂಗಿನ ನಾರು, ಒಣ ಎಲೆ ಇವೆ. ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಹಾಸಿದರೆ ಸಾಕು.

ಕೆಲವು ಎಚ್ಚರಿಕೆಗಳಿವೆ. ಗಿಡದ ಬುಡಕ್ಕೆ ತಾಗಿಸಬೇಡಿ, ಸುತ್ತ ಎರಡು ಬೆರಳು ಜಾಗ ಬಿಡಿ. ಶೇಂಗಾ ಸಿಪ್ಪೆಯಲ್ಲಿ ಕಾಳು ಉಳಿದಿದ್ದರೆ ಇರುವೆ, ಇಲಿ ಬರುತ್ತವೆ. ಬೂಸ್ಟು ಹಿಡಿದ ಸಿಪ್ಪೆ ಬಳಸಬೇಡಿ, ಅದರ ಧೂಳು ಮೂಗಿಗೆ ಒಳ್ಳೆಯದಲ್ಲ. ಹಸಿ ಸಿಪ್ಪೆಯನ್ನು ಮಣ್ಣಿನೊಳಗೆ ಬೆರೆಸಲೂ ಬೇಡಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಂಡು, ಗಿಡದ ಎಲೆ ಹಳದಿಯಾಗಬಹುದು. ಗೆದ್ದಲು ಕಾಟವಿದ್ದರೆ ಕುಂಡವನ್ನು ನೆಲದ ಮೇಲಿಡದೆ ಕಲ್ಲಿನ ಮೇಲಿಡಿ.

ಮಾತು 4: ‘ಪೈನ್ ಕೋನ್ ತೇವ ಅಳೆಯುತ್ತದೆ’. ಅರ್ಧ ಸತ್ಯ

ಪೈನ್ ಕೋನ್ ಒದ್ದೆಯಾದರೆ ಮುಚ್ಚಿಕೊಳ್ಳುತ್ತದೆ, ಒಣಗಿದರೆ ಬಿಚ್ಚಿಕೊಳ್ಳುತ್ತದೆ. ಇದು ನಿಜ. ಅದರ ಪ್ರತಿ ಎಸಳಿನಲ್ಲೂ ಎರಡು ಪದರಗಳಿದ್ದು, ನೀರು ಹೀರಿದಾಗ ಒಂದು ಹೆಚ್ಚು ಉಬ್ಬುತ್ತದೆ. ಬೀಜ ಒಣ ಹವೆಯಲ್ಲಿ ಹಾರಿಹೋಗಲಿ ಎಂದು ಮರ ಕಂಡುಕೊಂಡ ಉಪಾಯವಿದು. ಆದರೆ ಮಣ್ಣಿನ ಮೇಲಿಟ್ಟ ಕೋನ್ ಹೆಚ್ಚಾಗಿ ಹೇಳುವುದು ಸುತ್ತಲಿನ ಗಾಳಿಯ ಸುದ್ದಿ, ಬೇರಿನ ಸುದ್ದಿಯಲ್ಲ. ಅದಕ್ಕಿಂತ ನಿಮ್ಮ ಬೆರಳೇ ವಾಸಿ. ಎರಡು ಗೆಣ್ಣು ಒಳಗಿಟ್ಟು ನೋಡಿ. ತೇವವಿದ್ದರೆ ಇವತ್ತು ನೀರು ಬೇಡ.

ಹಾಗಾದರೆ ಏನು ಮಾಡಬೇಕು?

ಜಿಐ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆ ಈ ನೆಲದ್ದು. ಅಂಥ ಮಲ್ಲಿಗೆಯನ್ನು ಕುಂಡದಲ್ಲಿ ಬೆಳೆಸುವವರು ನಮ್ಮ ಮಾತನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಒಂದೇ ಅಳತೆಯ ಎರಡು ಕುಂಡಕ್ಕೆ ಒಂದೇ ಮಣ್ಣು, ಒಂದೇ ಗಿಡ, ಒಂದೇ ಅಳತೆ ನೀರು ಹಾಕಿ. ಒಂದಕ್ಕೆ ಮಾತ್ರ ಶೇಂಗಾ ಸಿಪ್ಪೆ ಹಾಸಿ. ಮೂರನೇ ದಿನ ಎರಡರಲ್ಲೂ ಬೆರಳಿಟ್ಟು ನೋಡಿ.

ಒಟ್ಟಿನಲ್ಲಿ, ಪೈನ್ ಕೋನ್ ವಿಷವಲ್ಲ, ಮನೆಯಲ್ಲಿದ್ದರೆ ಮಣ್ಣಿನ ಮೇಲೆ ಹಾಸಿಕೊಳ್ಳಿ. ಅದಕ್ಕಾಗಿ ದುಡ್ಡು ಸುರಿಯಬೇಡಿ. ‘ತೂತು ಬೇಡ’ ಎನ್ನುವ ವಿಡಿಯೊ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಆ ಸ್ಪಂಜಿನ ಪ್ರಯೋಗ ಮಾಡಿ ನೋಡಲು ಹೇಳಿ.