ಸರ್ವೆ ನಂಬರು ಅರಿಯದ ಹುಳು

ತುಮಕೂರಿನಿಂದ ಗುಬ್ಬಿ, ನಿಟ್ಟೂರು, ಕಿಬ್ಬನಹಳ್ಳಿ ಕ್ರಾಸ್ ಮಾರ್ಗವಾಗಿ ತಿಪಟೂರಿಗೆ ಹೋಗುವ ಹೆದ್ದಾರಿಯ ಎರಡೂ ಬದಿಗೆ ಮೈಲುಗಟ್ಟಲೆ ಹಬ್ಬಿರುವ ತೆಂಗಿನ ತೋಟಗಳೇ ಈ ಸೀಮೆಯ ಬದುಕಿಗೆ ಆಧಾರವಾಗಿದ್ದು, ಜಿಲ್ಲೆಗೆ ‘ಕಲ್ಪತರು ನಾಡು’ ಎಂಬ ಹೆಸರು ಬಂದಿರುವುದೂ ಇದೇ ಮರದಿಂದ. ಹೊಯ್ಸಳರ ಕಾಲದ ಬಸದಿಗೆ ಹೆಸರಾದ ನಿಟ್ಟೂರಿನ ಸುತ್ತಮುತ್ತ ರಾಗಿ, ಅಡಿಕೆ, ಬಾಳೆಗಳೂ ಬೆಳೆಯುತ್ತವೆಯಾದರೂ, ಮನೆಯ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆ ಸೇರುವ ತೆಂಗಿನಕಾಯಿಯೇ ಇಲ್ಲಿನ ರೈತರ ಮುಖ್ಯ ಆದಾಯ. ಆದ್ದರಿಂದ ತೆಂಗಿಗೆ ತಗಲುವ ಕೀಟವೆಂದರೆ ಅದು ಒಂದು ಬೆಳೆಯ ಒಂದು ಹಂಗಾಮಿನ ನಷ್ಟವಾಗಿ ಮುಗಿಯದೆ, ಮನೆಯೊಂದರ ಹಲವು ವರ್ಷಗಳ ಲೆಕ್ಕವನ್ನೇ ಏರುಪೇರು ಮಾಡುತ್ತದೆ.

ರಾಗಿಗೆ ಬಂದ ಹುಳು ಕೊಯ್ಲಿನೊಂದಿಗೆ ನೆಲೆ ಕಳೆದುಕೊಳ್ಳುತ್ತದೆ. ತೆಂಗಿನ ಹುಳುವಿಗೆ ಅಂಥ ತೊಂದರೆಯಿಲ್ಲ. ಅರವತ್ತು, ಎಪ್ಪತ್ತು ವರ್ಷ ಒಂದೇ ಜಾಗದಲ್ಲಿ ನಿಂತು, ಬೇಸಿಗೆಯಲ್ಲೂ ಹಸಿರಾಗಿಯೇ ಇರುವ ಮರವು ಕೀಟಕ್ಕೆ ವರ್ಷವಿಡೀ ತೆರೆದಿರುವ ಅನ್ನಛತ್ರದಂತಿರುತ್ತದೆ. ಇದರ ಮೇಲೆ ಮರದ ರಚನೆಯೂ ಕೀಟದ ಪರವಾಗಿಯೇ ಇದೆ. ತೆಂಗಿಗೆ ಕೊಂಬೆಗಳಿಲ್ಲ, ತುದಿಯಲ್ಲಿರುವ ಒಂದೇ ಒಂದು ಸುಳಿಯಿಂದ ತಿಂಗಳಿಗೆ ಸುಮಾರು ಒಂದರಂತೆ ಹೊಸ ಗರಿ ಹೊರಡುತ್ತದೆ, ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ ಮೂಡುತ್ತದೆ, ಹೊಂಬಾಳೆ ಒಡೆದು ಕಾಯಿ ಬಲಿಯಲು ಮತ್ತೆ ಹೆಚ್ಚುಕಡಿಮೆ ಒಂದು ವರ್ಷ ಬೇಕಾಗುತ್ತದೆ. ಹೀಗಾಗಿ ಇಂದು ಗರಿಗೆ ಆದ ಹಾನಿ ಮುಂದಿನ ವರ್ಷದ ಗೊನೆಯಲ್ಲಿ ಕಾಣಿಸಿಕೊಳ್ಳುತ್ತದೆ, ಸುಳಿಗೆ ಆದ ಹಾನಿಯಾದರೋ ಮರದ ಪ್ರಾಣಕ್ಕೇ ಬರಬಹುದು.

ಗರಿಯ ಅಡಿಯ ಸುರಂಗ

ಈ ಭಾಗದಲ್ಲಿ ಹೆಚ್ಚು ಕಾಡುವ ಕೀಟಗಳಲ್ಲಿ ಮೊದಲು ಹೇಳಬೇಕಾದದ್ದು ಕಪ್ಪುತಲೆ ಹುಳು. ವಿಜ್ಞಾನದಲ್ಲಿ ಒಪಿಸಿನಾ ಅರೆನೊಸೆಲ್ಲಾ ಎಂದು ಕರೆಯುವ, ಬೂದು ಬಣ್ಣದ ಸಣ್ಣ ಪತಂಗವೊಂದರ ಮರಿಹುಳು ಇದು. ಪತಂಗ ತಾನಾಗಿ ಯಾವ ಹಾನಿಯನ್ನೂ ಮಾಡುವುದಿಲ್ಲ. ಹಳೆಯ ಗರಿಗಳ ಎಲೆಗಳ ಮೇಲೆ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಟ್ಟು ತನ್ನ ಕೆಲಸ ಮುಗಿಸುತ್ತದೆ. ಮೊಟ್ಟೆಯೊಡೆದು ಬಂದ ಮರಿಗಳು ಎಲೆಯ ಕೆಳಭಾಗಕ್ಕೆ ಸೇರಿಕೊಂಡು, ತಮ್ಮ ಬಾಯಿಂದ ಹೊರಡುವ ರೇಷ್ಮೆಯಂಥ ಎಳೆ ಮತ್ತು ತಮ್ಮದೇ ಹಿಕ್ಕೆಗಳನ್ನು ಬೆಸೆದು ಉದ್ದನೆಯ ಸುರಂಗ ಕಟ್ಟಿಕೊಂಡು, ಅದರೊಳಗೆ ಕುಳಿತು ಎಲೆಯ ಹಸಿರನ್ನು ಕೆರೆದು ತಿನ್ನುತ್ತವೆ.

ಬಾಧೆಗೊಳಗಾದ ಒಂದು ಗರಿಯನ್ನು ಕತ್ತರಿಸಿ ನೆಲಕ್ಕಿಳಿಸಿ, ಎಲೆಯನ್ನು ಮಗುಚಿ ನೋಡಿದರೆ ಕಂದು ಬಣ್ಣದ, ಮರದ ಹೊಟ್ಟು ಅಂಟಿಸಿದಂಥ ಗೆರೆಗಳು ನಡುನರದ ಉದ್ದಕ್ಕೂ ಹರಿದಿರುವುದು ಕಾಣುತ್ತದೆ. ಉಗುರಿನಿಂದ ಆ ಹೊಟ್ಟನ್ನು ಸರಿಸಿದೊಡನೆ ಒಳಗಿನಿಂದ ತಿಳಿಹಸಿರು ಮೈ, ಮೈಮೇಲೆ ಕೆಂಗಂದು ಪಟ್ಟೆ, ಕಪ್ಪು ತಲೆಯ ಹುಳು ಹಿಮ್ಮುಖವಾಗಿ ಸರಸರನೆ ಸರಿದು ಉಳಿದ ಸುರಂಗದೊಳಗೆ ಅಡಗಿಕೊಳ್ಳುತ್ತದೆ. ಎಲೆಯ ಮೇಲ್ಪದರ ಮಾತ್ರ ಕಾಗದದ ಹಾಗೆ ಉಳಿದಿರುವುದರಿಂದ ದೂರದಿಂದ ನೋಡುವವರಿಗೆ ಗರಿ ಹರಿದಂತೆ ಕಾಣದೆ ಒಣಗಿದಂತೆ ಕಾಣುತ್ತದೆ. ಕೆಳಗಿನ ಗರಿಗಳಿಂದ ಮೇಲಕ್ಕೇರುವ ಈ ಬಾಧೆ ತೀವ್ರವಾದಾಗ ಇಡೀ ತೋಟವೇ ಬೆಂಕಿ ತಗುಲಿ ಸೀದಂತಿರುತ್ತದೆ. ನೀರಿನ ಕೊರತೆಯಿಂದ ಗರಿ ಒಣಗುತ್ತಿದೆಯೆಂದು ಭಾವಿಸಿ ಕೊಳವೆಬಾವಿಯ ಕಡೆಗೇ ಗಮನ ಕೊಡುವವರಿಗೆ ನಿಜವಾದ ಕಾರಣ ತಿಳಿಯುವಷ್ಟರಲ್ಲಿ ಹುಳು ಎರಡು ಪೀಳಿಗೆ ದಾಟಿರುತ್ತದೆ, ಏಕೆಂದರೆ ಮೊಟ್ಟೆಯಿಂದ ಪತಂಗದವರೆಗಿನ ಅದರ ಬದುಕು ಸುಮಾರು ಎರಡು ತಿಂಗಳಲ್ಲಿ ಮುಗಿಯುತ್ತದೆ. ಜನವರಿಯಿಂದ ಮೇ ತಿಂಗಳವರೆಗಿನ ಒಣ ಹವೆಯಲ್ಲಿ ಇದರ ಹಾವಳಿ ಏರುತ್ತದೆ. ಬಾಧೆ ತೀವ್ರವಾಗಿದ್ದರೆ ಮರುವರ್ಷದ ಇಳುವರಿ ಶೇ 45ರಷ್ಟು ಇಳಿಯಬಹುದೆಂದು ಕ್ಷೇತ್ರ ಅಧ್ಯಯನಗಳು ತೋರಿಸಿವೆ.

ಹುಳುವಿಗೆ ಕಾವಲಾದ ಕಣಜ

ಹತ್ತು, ಇಪ್ಪತ್ತು ಮೀಟರ್ ಎತ್ತರದ ಮರದ ತಲೆಗೆ, ಅದೂ ಎಲೆಯ ಅಡಿಯ ಸುರಂಗದೊಳಕ್ಕೆ, ಔಷಧಿ ತಲುಪುವಂತೆ ಸಿಂಪಡಿಸುವುದು ಸಾಮಾನ್ಯ ರೈತನ ಕೈಗೆ ಎಟುಕುವ ಕೆಲಸವಲ್ಲ. ಮರ ಹತ್ತುವವರೇ ವಿರಳವಾಗಿರುವ ಈ ದಿನಗಳಲ್ಲಿ ಇದು ಇನ್ನೂ ಕಷ್ಟ. ಆದ್ದರಿಂದಲೇ ಕಪ್ಪುತಲೆ ಹುಳುವಿನ ಹತೋಟಿಗೆ ಮೊದಲಿನಿಂದಲೂ ಅವಲಂಬಿಸಿರುವುದು ಜೈವಿಕ ನಿಯಂತ್ರಣವನ್ನು, ಅಂದರೆ ಒಂದು ಕೀಟವನ್ನು ಅದರ ಸಹಜ ಶತ್ರುವಾದ ಇನ್ನೊಂದು ಜೀವಿಯಿಂದ ಹದ್ದಿನಲ್ಲಿಡುವ ವಿಧಾನವನ್ನು. ಇನ್ನೊಂದು ಕೀಟದ ಮೈಯನ್ನೇ ಆಹಾರ ಮಾಡಿಕೊಂಡು ಬೆಳೆದು ಕೊನೆಗೆ ಅದನ್ನು ಕೊಲ್ಲುವ ಇಂಥ ಜೀವಿಗಳನ್ನು ತೋಟಗಾರಿಕೆ ಇಲಾಖೆಯ ಭಾಷೆಯಲ್ಲಿ ‘ಪರತಂತ್ರ ಜೀವಿ’ ಎನ್ನುತ್ತಾರೆ.

ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಗೊನಿಯೋಜಸ್ ನೆಫಾಂಟಿಡಿಸ್ ಎಂಬ, ಸಣ್ಣ ಕಪ್ಪಿರುವೆಯನ್ನು ಹೋಲುವ ಕಣಜ. ಕಪ್ಪುತಲೆ ಹುಳುವನ್ನು ಹಿಂದೆ ‘ನೆಫಾಂಟಿಸ್’ ಎಂಬ ಹೆಸರಿನಿಂದ ಗುರುತಿಸಲಾಗುತ್ತಿತ್ತು; ಹುಳುವಿನ ಹೆಸರು ಬದಲಾದರೂ ಅದರ ಶತ್ರುವಿನ ಹೆಸರಿನಲ್ಲಿ ಹಳೆಯದು ಹಾಗೆಯೇ ಉಳಿದುಕೊಂಡಿದೆ. ಹೆಣ್ಣು ಕಣಜ ಸುರಂಗವನ್ನು ಹುಡುಕಿ ಒಳಹೊಕ್ಕು, ಬಲಿತ ಹುಳುವನ್ನು ಕುಟುಕಿ ಅಲ್ಲಾಡದಂತೆ ಮಾಡಿ, ಅದರ ಮೈಮೇಲೆ ಮೊಟ್ಟೆಗಳನ್ನು ಸಾಲಾಗಿ ಅಂಟಿಸುತ್ತದೆ. ಇಷ್ಟಕ್ಕೇ ಬಿಟ್ಟು ಹೋಗದೆ ಮರಿಗಳು ಹುಳುವಿನ ಸಾರವನ್ನು ಹೀರಿ ಗೂಡು ಕಟ್ಟುವವರೆಗೂ ಪಕ್ಕದಲ್ಲೇ ನಿಂತು ಕಾಯುವುದು ಈ ಕಣಜದ ವಿಶೇಷ. ಸುಮಾರು ಎರಡು ವಾರಗಳಲ್ಲಿ ಅದರ ಒಂದು ಪೀಳಿಗೆ ಪೂರ್ಣಗೊಳ್ಳುವುದರಿಂದ, ಹುಳು ಒಮ್ಮೆ ಸಂತಾನ ಬೆಳೆಸುವ ಅವಧಿಯಲ್ಲಿ ಕಣಜ ಹಲವು ಸಲ ಬೆಳೆಸಬಲ್ಲದು.

ಪ್ರಯೋಗಾಲಯಗಳಲ್ಲಿ ಈ ಕಣಜಗಳನ್ನು ಅಕ್ಕಿ ಪತಂಗವೆಂಬ, ಉಗ್ರಾಣದ ಧಾನ್ಯ ತಿನ್ನುವ ಕೀಟದ ಮರಿಗಳ ಮೇಲೆ ಸಾಕಿ, ಗಾಜಿನ ಕೊಳವೆಗಳಲ್ಲಿ ತುಂಬಿ ರೈತರಿಗೆ ಕೊಡುವ ಪದ್ಧತಿಯಿದೆ. ಮರಕ್ಕೆ ಇಂತಿಷ್ಟು ಎಂಬ ಲೆಕ್ಕದಲ್ಲಿ, ಹದಿನೈದು ದಿನಗಳಿಗೊಮ್ಮೆ ಹಲವು ಸಲ ಬಿಡುವುದು ರೂಢಿ. ಆದರೆ ಇಲ್ಲಿ ಸಂಖ್ಯೆಯಷ್ಟೇ ಸಮಯವೂ ಮುಖ್ಯ: ಗೊನಿಯೋಜಸ್ ಬಯಸುವುದು ಬಲಿತ ಹುಳುವನ್ನು, ತೋಟದಲ್ಲಿ ಬರೀ ಮೊಟ್ಟೆ ಅಥವಾ ಪತಂಗಗಳಿರುವ ವಾರದಲ್ಲಿ ಬಿಟ್ಟ ಕಣಜ ಆಹಾರವಿಲ್ಲದೆ ಸಾಯುತ್ತದೆ. ಅದಕ್ಕಾಗಿ ಒಂದೆರಡು ಗರಿ ಇಳಿಸಿ ಹುಳುವಿನ ಹಂತವನ್ನು ನೋಡುವುದು, ಹೆಚ್ಚು ಬಾಧೆಗೊಂಡ ಕೆಳಗಿನ ಎರಡು ಮೂರು ಗರಿಗಳನ್ನು ಕಡಿದು ಸುಡುವುದು ಮೊದಲ ಕೆಲಸವಾಗಬೇಕು. ಬಾಧೆ ಕೈಮೀರಿದಾಗ ಬೇರಿನ ಮೂಲಕ ಔಷಧಿ ಉಣಿಸುವ ವಿಧಾನವೂ ಇದೆ. ಪೆನ್ಸಿಲ್ ಗಾತ್ರದ ಜೀವಂತ ಬೇರನ್ನು ಓರೆಯಾಗಿ ಕತ್ತರಿಸಿ, ಬೇವಿನ ಸಾರವಾದ ಅಜಾಡಿರಕ್ಟಿನ್ ಮತ್ತು ನೀರಿನ ಮಿಶ್ರಣವಿರುವ ಪ್ಲಾಸ್ಟಿಕ್ ಚೀಲವನ್ನು ಅದಕ್ಕೆ ಕಟ್ಟಿದರೆ ಮರ ತಾನೇ ಅದನ್ನು ಹೀರಿಕೊಳ್ಳುತ್ತದೆ. ರಾಸಾಯನಿಕ ಕೀಟನಾಶಕವನ್ನು ಹೀಗೆ ಕೊಡುವುದಾದರೆ ಬಲಿತ ಕಾಯಿಗಳನ್ನು ಮೊದಲೇ ಇಳಿಸಿ, ನಂತರ ಒಂದೂವರೆ ತಿಂಗಳು ಕೊಯ್ಲು ಮಾಡದಿರಬೇಕು, ಏಕೆಂದರೆ ಬೇರು ಕುಡಿದದ್ದರ ಅಂಶ ಕಾಯಿಗೂ ಸೇರುತ್ತದೆ.

ತಿಪ್ಪೆಯಲ್ಲಿ ಹುಟ್ಟಿ ಸುಳಿಗೆ ಏರುವ ದುಂಬಿ

ಮೂಗಿನ ಮೇಲೆ ಖಡ್ಗಮೃಗದ ಹಾಗೆ ಕೊಂಬಿರುವುದರಿಂದ ರೈನೋ ದುಂಬಿ ಎಂದೂ, ಕರಾವಳಿಯಲ್ಲಿ ಕುರುವಾಯಿ ಎಂದೂ ಕರೆಸಿಕೊಳ್ಳುವ ದುಂಬಿಯ ಕಥೆ ಕಪ್ಪುತಲೆ ಹುಳುವಿನದಕ್ಕೆ ವಿರುದ್ಧವಾದದ್ದು. ಕಪ್ಪುತಲೆಯಲ್ಲಿ ಹಾನಿ ಮಾಡುವುದು ಮರಿ. ಇಲ್ಲಿ ಮರಿ ತಿಪ್ಪೆಗುಂಡಿಯ ಗೊಬ್ಬರ ಮತ್ತು ಕೊಳೆತ ತೆಂಗಿನ ಬೊಡ್ಡೆಗಳನ್ನು ತಿಂದುಕೊಂಡು ತಿಂಗಳುಗಟ್ಟಲೆ ನೆಲದಲ್ಲೇ ಇರುತ್ತದೆ, ಬೆಳೆದ ದುಂಬಿ ರಾತ್ರಿ ಹಾರಿ ಬಂದು ಇನ್ನೂ ಬಿಚ್ಚದ ಸುಳಿಯನ್ನು ಕೊರೆಯುತ್ತದೆ. ಮಡಿಚಿಟ್ಟ ಕಾಗದದ ಅಂಚನ್ನು ಕತ್ತರಿಸಿ ಬಿಚ್ಚಿದರೆ ಎರಡೂ ಕಡೆ ಒಂದೇ ಬಗೆಯ ಕಚ್ಚು ಮೂಡುವಂತೆ, ಕೊರೆದ ಸುಳಿ ಮುಂದೆ ಗರಿಯಾಗಿ ಬಿಚ್ಚಿದಾಗ ಬೀಸಣಿಗೆಯ ಆಕಾರದಲ್ಲಿ ಕತ್ತರಿಸಿದ ಗುರುತು ಕಾಣುತ್ತದೆ. ಹೊಂಬಾಳೆಗೆ ತೂತು ಬಿದ್ದರೆ ಆ ಗೊನೆಯೇ ಇಲ್ಲವಾಗುತ್ತದೆ. ರಂಧ್ರದಿಂದ ಕೊಕ್ಕೆಯಲ್ಲಿ ದುಂಬಿಯನ್ನು ಎಳೆದು ತೆಗೆಯುವುದು, ಬೇವಿನ ಹಿಂಡಿಯನ್ನು ಮರಳಿನೊಂದಿಗೆ ಬೆರೆಸಿ ಸುಳಿಯ ಸುತ್ತಲಿನ ಗರಿಗಳ ಬುಡಕ್ಕೆ ತುಂಬುವುದು ಮರದ ಮೇಲಿನ ಉಪಾಯಗಳು. ಕೆಳಗಿನ ಉಪಾಯವೆಂದರೆ ತಿಪ್ಪೆಯನ್ನು ಆಗಾಗ ಮಗುಚಿ ಹುಳುಗಳನ್ನು ಕೋಳಿ, ಕಾಗೆಗಳಿಗೆ ಬಿಡುವುದು ಮತ್ತು ಮೆಟಾರೈಜಿಯಂ ಎಂಬ, ಹುಳುವಿನ ಮೈಮೇಲೆ ಹಸಿರು ಬೂಷ್ಟಾಗಿ ಬೆಳೆದು ಅದನ್ನು ಕೊಲ್ಲುವ ಶಿಲೀಂಧ್ರವನ್ನು ಗುಂಡಿಗೆ ಬೆರೆಸುವುದು.

ಈ ದುಂಬಿ ಮಾಡಿದ ಗಾಯದ ವಾಸನೆಗೆ ಇನ್ನೊಂದು ಕೀಟ ಬರುತ್ತದೆ. ಅದೇ ಕೆಂಪು ಮೂತಿ ಹುಳು. ಗಾಯದಲ್ಲಿ ಇಟ್ಟ ಮೊಟ್ಟೆಗಳಿಂದ ಹೊರಟ ಮರಿಗಳು ಕಾಂಡದ ತಿರುಳನ್ನು ಒಳಗಿಂದೊಳಗೆ ತಿನ್ನುತ್ತಿರುವಾಗ ಹೊರಗೆ ಕಾಣುವುದು ಸಣ್ಣ ತೂತು, ಅದರಿಂದ ಸೋರುವ ಕಂದು ರಸ ಮತ್ತು ಜಗಿದ ನಾರಿನ ತುಣುಕು ಮಾತ್ರ. ಸುಳಿ ಬಾಗಿದ ಮೇಲೆ ಮರವನ್ನು ಉಳಿಸಿಕೊಳ್ಳುವುದು ಕಷ್ಟ. ಏಷ್ಯಾ ಮೂಲದ ಈ ಕೀಟ 1980ರ ದಶಕದಲ್ಲಿ ಕೊಲ್ಲಿ ದೇಶಗಳ ಖರ್ಜೂರದ ತೋಟಗಳಿಗೂ, ಮುಂದೆ ಮೆಡಿಟರೇನಿಯನ್ ತೀರದ ತಾಳೆ ಮರಗಳಿಗೂ ಹಬ್ಬಿತು. ಮರ ಹತ್ತಲು ಕಾಂಡಕ್ಕೆ ಮಚ್ಚಿನಿಂದ ಕಚ್ಚು ಹಾಕುವುದನ್ನು ಬಿಡುವುದು, ಹಸಿ ಗರಿಯನ್ನು ಕಡಿಯಲೇಬೇಕಾದರೆ ಕಾಂಡದಿಂದ ಮೂರು ನಾಲ್ಕು ಅಡಿ ಮಟ್ಟೆ ಬಿಟ್ಟು ಕಡಿಯುವುದು ಇದಕ್ಕೆ ಖರ್ಚಿಲ್ಲದ ಮದ್ದು.

ಹೊರಗಿನಿಂದ ಬಂದವು

ಮೇಲೆ ಹೇಳಿದವು ಈ ಭಾಗಕ್ಕೆ ಹಳೆಯವು. ಕಳೆದ ಮೂರು ದಶಕಗಳಲ್ಲಿ ಸಾಗರದಾಚೆಯಿಂದಲೂ ಪೀಡೆಗಳು ಬಂದಿವೆ. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ, ಭಾರತದಲ್ಲೇ ಮೊದಲ ಬಾರಿಗೆ, ಕಾಣಿಸಿಕೊಂಡು ಕರ್ನಾಟಕಕ್ಕೂ ಹಬ್ಬಿದ ತೆಂಗಿನ ನುಸಿ, ಕಾಲು ಮಿಲಿಮೀಟರ್‌ನಷ್ಟೂ ಇಲ್ಲದ, ಬರಿಗಣ್ಣಿಗೆ ಕಾಣದ ಜೀವಿ. ವಾಸ್ತವವಾಗಿ ಇದು ಆರು ಕಾಲಿನ ಕೀಟವಲ್ಲ, ಜೇಡ ಮತ್ತು ಉಣ್ಣೆಗಳ ಬಳಗಕ್ಕೆ ಸೇರಿದ್ದು. ಎಳೆಯ ಕಾಯಿಯ ತೊಟ್ಟಿನ ಟೋಪಿಯಡಿ ಅಡಗಿ ರಸ ಹೀರುವುದರಿಂದ ಮೊದಲು ತಿಳಿಹಳದಿಯ ತ್ರಿಕೋನ ಮಚ್ಚೆ ಮೂಡಿ, ಅದು ಕಂದಾಗಿ ಬಿರಿದು, ಕಾಯಿ ಗಾತ್ರದಲ್ಲಿ ಕುಗ್ಗಿ, ಸಿಪ್ಪೆ ಕಲ್ಲಿನಂತೆ ಗಟ್ಟಿಯಾಗುತ್ತದೆ. 2016ರಲ್ಲಿ ತಮಿಳುನಾಡಿನ ಪೊಲ್ಲಾಚಿ ಭಾಗದಲ್ಲಿ ಪತ್ತೆಯಾದ, ಮಧ್ಯ ಅಮೆರಿಕ ಮೂಲದ ಸುರುಳಿ ಬಿಳಿನೊಣ ಇನ್ನೊಂದು. ಇದು ಎಲೆಯಡಿ ಸುರುಳಿಯಾಕಾರದಲ್ಲಿ ಮೊಟ್ಟೆಯಿಟ್ಟು, ಮೇಣದ ಬಿಳಿ ಪುಡಿ ಹೊದ್ದು, ಸಿಹಿಯಾದ ಅಂಟು ಸುರಿಸುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಗರಿ, ಕಾಯಿ, ಕೆಳಗಿನ ಬಾಳೆ ಎಲೆಗಳೆಲ್ಲ ಮಸಿ ಬಳಿದಂತಾಗುತ್ತವೆ.

ಮಸಿಯನ್ನು ಕಂಡೊಡನೆ ವಿಷದ ಡಬ್ಬಿಗೆ ಕೈ ಹಾಕುವುದೇ ಇಲ್ಲಿ ದೊಡ್ಡ ತಪ್ಪಾಗುತ್ತದೆ. ಬಿಳಿನೊಣದ ಬೆನ್ನಿಗೇ ಎನ್‌ಕಾರ್ಸಿಯಾ ಎಂಬ ಅತಿ ಸಣ್ಣ ಪರತಂತ್ರ ಕಣಜವೂ ಇಲ್ಲಿನ ತೋಟಗಳಲ್ಲಿ ನೆಲೆಯೂರಿದ್ದು, ಯಾರೂ ತಂದು ಬಿಡದೆಯೇ ನೊಣದ ಮರಿಗಳನ್ನು ತಿನ್ನುತ್ತಿದೆ. ಸಿಂಪಡಿಸಿದ ಕೀಟನಾಶಕಕ್ಕೆ ಮೊದಲು ಬಲಿಯಾಗುವುದು ಈ ಕಣಜವೇ ಆದ್ದರಿಂದ, ಔಷಧಿಯ ಪ್ರಭಾವ ಇಳಿದ ಮೇಲೆ ನೊಣ ಮೊದಲಿಗಿಂತ ಹೆಚ್ಚಾಗುತ್ತದೆ. ರಭಸದ ನೀರಿನಿಂದ ಗರಿ ತೊಳೆಯುವುದು, ತೆಳುವಾದ ಗಂಜಿಯನ್ನು ಸಿಂಪಡಿಸಿ ಒಣಗಿದ ಮಸಿ ಪೊರೆಯಾಗಿ ಉದುರುವಂತೆ ಮಾಡುವುದು, ಹಳದಿ ಅಂಟುಬಲೆ ಕಟ್ಟುವುದು ವಿಜ್ಞಾನಿಗಳ ಸಲಹೆ.

ಒಂದು ತೋಟ, ಹಲವು ತೋಟ

ಮೈಸೂರು ಸಂಸ್ಥಾನದಲ್ಲಿ ಕೀಟಗಳ ಅಧ್ಯಯನ ಸರ್ಕಾರದ ಕೆಲಸವಾಗಿ ಬೇರೂರಿದ್ದು, 1908ರಲ್ಲಿ ಇಲ್ಲಿಗೆ ಬಂದು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದ, ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ. ಜೋಳವನ್ನು ತಿನ್ನುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯೊಂದರ ಕುಲಕ್ಕೆ ಅವರ ಹೆಸರಿನಿಂದಲೇ ‘ಕೋಲ್ಮೇನಿಯಾ’ ಎಂದು ನಾಮಕರಣವಾಗಿದೆ. ಇಂದು ಕಾಸರಗೋಡಿನ ಕೇಂದ್ರೀಯ ತೋಟಗಾರಿಕೆ ಬೆಳೆಗಳ ಸಂಶೋಧನಾ ಸಂಸ್ಥೆ, ಬೆಂಗಳೂರಿನ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಸಂಸ್ಥೆ, ತಿಪಟೂರು ತಾಲ್ಲೂಕಿನ ಕೊನೇಹಳ್ಳಿ ಮತ್ತು ತುಮಕೂರು ಬಳಿಯ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳು ಇರುವುದರಿಂದ ಈ ಸೀಮೆಯ ರೈತನಿಗೆ ತಿಳಿವಳಿಕೆಯ ಕೊರತೆಯಿದೆ ಎನ್ನಲಾಗದು. ಕೊರತೆಯಿರುವುದು ತಿಳಿದದ್ದನ್ನು ಅಕ್ಕಪಕ್ಕದವರೆಲ್ಲ ಒಂದೇ ಕಾಲಕ್ಕೆ ಮಾಡುವುದರಲ್ಲಿ.

ಕೆಂಪು ಮೂತಿ ಹುಳುವಿಗೆ ಹಾಕುವ ಮೋಹಕ ಬಲೆಯೇ ಇದಕ್ಕೆ ನಿದರ್ಶನ. ಹುಳುಗಳು ಪರಸ್ಪರ ಕರೆಯಲು ಹೊರಸೂಸುವ ವಾಸನೆಯ ಕೃತಕ ರೂಪವನ್ನು ಬಕೆಟ್ಟಿನಲ್ಲಿ ತೂಗುಹಾಕುವ ಈ ಬಲೆ, ಒಬ್ಬನೇ ತನ್ನ ತೋಟದಲ್ಲಿ ಕಟ್ಟಿದರೆ ನೆರೆಹೊರೆಯ ಹುಳುಗಳನ್ನೂ ಅಲ್ಲಿಗೇ ಕರೆತರುತ್ತದೆ. ಬಕೆಟ್ಟಿಗೆ ಬೀಳದ ಹುಳು ಪಕ್ಕದ ಮರಕ್ಕೇ ಏರುತ್ತದೆ. ಊರಿನವರೆಲ್ಲ ಹೆಕ್ಟೇರಿಗೆ ಒಂದರಂತೆ ಕಟ್ಟಿದಾಗ ಮಾತ್ರ ಬಲೆ ಬಲೆಯಾಗಿ ಕೆಲಸ ಮಾಡುತ್ತದೆ. ಗೊನಿಯೋಜಸ್ ಬಿಡುವುದಕ್ಕೂ ತಿಪ್ಪೆ ಮಗುಚುವುದಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ. ಮಕ್ಕಳು ಬೆಂಗಳೂರು ಸೇರಿ ನೋಡುವವರಿಲ್ಲದೆ ಉಳಿದ ತೋಟದಲ್ಲಿ ಬಿದ್ದು ಕೊಳೆಯುತ್ತಿರುವ ಒಂದು ಬೊಡ್ಡೆ, ಸುತ್ತಲಿನ ಹತ್ತಾರು ತೋಟಗಳ ಸುಳಿಗೆ ದುಂಬಿ ಕಳುಹಿಸಲು ಸಾಕು. ಆ ಬೊಡ್ಡೆಯನ್ನು ಸೀಳಿ ಒಣಗಿಸಿ ಒಲೆಗೆ ಹಾಕುವ ಕೆಲಸ, ಅದು ಯಾರ ಪಹಣಿಯಲ್ಲಿದ್ದರೂ, ಸುತ್ತಲಿನವರೆಲ್ಲರಿಗೂ ಸೇರಿದ್ದಾಗಿದೆ.